ಅಜ್ಜಿಯ ಬಿಳಿ ಚಪ್ಪರದವರೆಯಲ್ಲಿ ನೇರಳೆ ಹೂ ಬಂತು, ಬೀಜಕ್ಕೆ ಬಿಡಬಹುದಾ?

ಹೂಬಳ್ಳಿ, ಬೆಂಗಳೂರು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮ ಅಜ್ಜಿ ಊರು ಚನ್ನರಾಯಪಟ್ಟಣದ ಹತ್ತಿರ. ಅವರ ಹಿತ್ತಲಲ್ಲಿ ಬಚ್ಚಲ ನೀರು ಹರಿದು ಹೋಗುವ ಜಾಗದಲ್ಲಿ ಯಾವಾಗಲೂ ಒಂದು ಚಪ್ಪರದವರೆ ಬಳ್ಳಿ ಇರುತ್ತಿತ್ತು. ಬಿಳಿ ಹೂ. ತೆಳು ಹಸಿರು ಕಾಯಿ, ಎರಡು ಬೆರಳು ಅಗಲ, ನಾರು ಕಡಿಮೆ. ಅಜ್ಜಿ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಹಾರ್ಲಿಕ್ಸ್ ಬಾಟಲಿಯಲ್ಲಿ ಬೂದಿ ಬೆರೆಸಿಟ್ಟ ಬೀಜ ಸಿಕ್ಕಿತು. ಎಣಿಸಿದರೆ 23 ಕಾಳು. ಮೊಳೆತದ್ದು 7. ಅಲ್ಲಿಂದ ಮೂರು ವರ್ಷ ಆಯಿತು. ಪ್ರತಿ ಜೂನ್‌ನಲ್ಲಿ ತಾರಸಿ ಮೇಲೆ ಎರಡು ಡ್ರಮ್ಮಿಗೆ ಹಾಕುತ್ತೇನೆ, ದೀಪಾವಳಿ ಕಳೆಯುವ ಹೊತ್ತಿಗೆ ಹೂ ತುಂಬಿಕೊಳ್ಳುತ್ತೆ, ಸಂಕ್ರಾಂತಿ ದಾಟಿದ ಮೇಲೂ ಕಾಯಿ ಇರುತ್ತೆ.

ಈ ಸಲ ನಾಲ್ಕು ಬಳ್ಳಿ ಇವೆ. ಮೂರರಲ್ಲಿ ಬಿಳಿ ಹೂ, ನಾಲ್ಕನೆಯದರಲ್ಲಿ ನೇರಳೆ! ಹೋದ ವರ್ಷ ಮೊದಲ ಸಲ ನರ್ಸರಿಯಿಂದ ನೇರಳೆ ಚಪ್ಪರದವರೆ ಸಸಿ ತಂದು ಅದೇ ಗೋಡೆಗೆ ಹಬ್ಬಿಸಿದ್ದೆ, ಅದು ಈ ವರ್ಷವೂ ಇದೆ. ಬೀಜ ಎತ್ತಿಡುವಾಗ ನಾನೇ ಬೆರೆಸಿಬಿಟ್ಟೆನಾ, ಅಥವಾ ಕ್ರಾಸ್ ಆಗಿದೆಯಾ? ಅವರೆ ತನ್ನಷ್ಟಕ್ಕೆ ತಾನೇ ಪರಾಗಸ್ಪರ್ಶ ಮಾಡಿಕೊಳ್ಳುತ್ತೆ, ಪಕ್ಕದಲ್ಲಿ ಏನಿದ್ದರೂ ತೊಂದರೆ ಇಲ್ಲ ಅಂತ ಯಾರೋ ಹೇಳಿದ್ದನ್ನು ನಂಬಿಕೊಂಡು ಕೂತಿದ್ದೆ.

ಇನ್ನೊಂದು ತಲೆನೋವು. ಹೋದ ವರ್ಷದ ಬೀಜದ ಡಬ್ಬಿ ತೆಗೆದರೆ ಅರ್ಧಕ್ಕರ್ಧ ತೂತು. ಸಣ್ಣ ಕಂದು ಹುಳಗಳು ಡಬ್ಬಿ ತುಂಬಾ ಹರಿದಾಡ್ತಾ ಇದ್ದವು. ಬೂದಿ ಗೀದಿ ಏನೂ ಹಾಕಿರಲಿಲ್ಲ, ಮುಚ್ಚಳ ಗಟ್ಟಿ ಇದ್ರೆ ಸಾಕು ಅಂದುಕೊಂಡಿದ್ದೆ.

ಆಫೀಸಿನಲ್ಲಿ ಮೂರು ಜನ ಬೀಜ ಕೇಳಿದ್ದಾರೆ. ಕೊಡೋದಾ, ಮೊದಲು ನನ್ನದನ್ನ ಸರಿ ಮಾಡಿಕೊಳ್ಳೋದಾ? ಒಂದು ಸಲ ನಾಟಿ ಬೀಜ ಅಂತ ಆನ್‌ಲೈನ್‌ನಲ್ಲಿ ತರಿಸಿದ್ದೆ. ಐದು ಬೀಜ ಹಾಕಿದ್ರೆ ಐದು ತರ ಬಳ್ಳಿ ಬಂತು. ಆ ಸಿಟ್ಟು ಇನ್ನೂ ಹೋಗಿಲ್ಲ. ನಾನೂ ಅದೇ ಕೆಲಸ ಮಾಡಬಾರದು ಅಲ್ವಾ?

ಹೊಲದ ಬದು, ಮಾಗಡಿ:

ಮೇಡಂ, ಮೊದಲು ಆ ನೇರಳೆ ಹೂವಿನ ಬಳ್ಳಿಯ ಎಳೆ ಕಾಯಿ ನೋಡಿ. ನರ್ಸರಿ ಬಳ್ಳಿಯ ಕಾಯಿ ಹೇಗಿದೆಯೋ ಥೇಟ್ ಹಾಗೇ ಇದ್ದರೆ ಬೀಜ ಬೆರೆತಿದೆ. ಅದರ ಹಾಗೂ ಇಲ್ಲ, ಅಜ್ಜಿಯದ್ದರ ಹಾಗೂ ಇಲ್ಲ, ನಡುವೆ ಎಲ್ಲೋ ಇದೆ ಅಂದ್ರೆ ಕ್ರಾಸ್ ಆಗಿದೆ.

ತಾನೇ ಪರಾಗಸ್ಪರ್ಶ ಅನ್ನೋದು ಸುಳ್ಳಲ್ಲ. ಹುರುಳಿಕಾಯಿಯಲ್ಲಂತೂ ಹೂ ಅರಳುವ ಹೊತ್ತಿಗೆ ಒಳಗೊಳಗೇ ಕೆಲಸ ಮುಗಿದಿರುತ್ತೆ, ಎರಡು ಜಾತಿ ಅಕ್ಕಪಕ್ಕ ಹಾಕಿದರೂ ಬೆರಕೆ ಆಗೋದು ಅಪರೂಪ. ಅಲಸಂದೆಯಲ್ಲೂ ಹೆಚ್ಚುಕಡಿಮೆ ಹಾಗೇ. ಅವರೆ ಕೂಡ ಬಹುಪಾಲು ಅದೇ ದಾರಿ, ಆದ್ರೆ ಅವರೆ ಹೂವಿಗೆ ದೊಡ್ಡ ಕರಿ ದುಂಬಿ ಬರುತ್ತಲ್ಲ, ಬಿದಿರಿನ ಗಳ, ಹಳೇ ತೊಲೆಗಳಲ್ಲಿ ತೂತು ಕೊರೆದು ಮನೆ ಮಾಡೋದು, ಅದರದ್ದೇ ಕಿತಾಪತಿ. ಅದು ಬಂದು ಕೂತರೆ ಭಾರಕ್ಕೆ ಹೂವಿನ ಕೆಳಗಿನ ದಳ ಬಗ್ಗುತ್ತೆ, ಒಳಗಿನ ಕೇಸರ ಈಚೆ ಬಂದು ದುಂಬಿ ಮೈಗೆ ತಾಗುತ್ತೆ, ಅಲ್ಲಿಂದ ಅದು ಪಕ್ಕದ ಬಳ್ಳಿಗೆ ಹೋಗುತ್ತೆ. ನಿಮ್ಮದು ಒಂದೇ ಗೋಡೆ. ಇನ್ನೇನಾಗುತ್ತೆ ಹೇಳಿ.

ಈಗ ಸಮಾಧಾನದ ಮಾತು. ಹೂವಿನಲ್ಲಿ ನೇರಳೆ ಬಣ್ಣ ಬಿಳಿಯನ್ನು ಮುಚ್ಚಿಹಾಕುತ್ತೆ. ತಾಯಿ ಬಿಳಿ, ತಂದೆ ನೇರಳೆ ಅಂದ್ರೆ ಮಗು ನೇರಳೆಯೇ. ಅದಕ್ಕೇ ಬಿಳಿ ಹೂ ಬಿಟ್ಟಿರುವ ಆ ಮೂರು ಬಳ್ಳಿಗೆ ನರ್ಸರಿ ಬಳ್ಳಿಯ ಗಾಳಿ ಸೋಕಿಲ್ಲ, ಅವು ಅಜ್ಜಿಯವೇ. ಆದ್ರೆ ಈ ವರ್ಷ ಅವುಗಳಲ್ಲಿ ಕಟ್ಟುವ ಕಾಳಿಗೆ ಸೋಕಬಹುದು, ದುಂಬಿ ಈಗಲೂ ಓಡಾಡ್ತಿದೆ. ಕಾಳು ಕೈಯಲ್ಲಿ ಹಿಡಿದು ನೋಡಿದ್ರೆ ಗೊತ್ತಾಗಲ್ಲ. ಕಾಯಿಯೂ ತಾಯಿಯದ್ದು, ಕಾಳಿನ ಸಿಪ್ಪೆಯೂ ತಾಯಿಯದ್ದು. ಬೆರಕೆ ಆಗಿದ್ದು ಕಾಣೋದು ಮುಂದಿನ ವರ್ಷ ಬಿತ್ತಿದಾಗಲೇ.

ಉಪಾಯ ಇದೆ. ಮದುವೆ ಮನೆಯಲ್ಲಿ ತಾಂಬೂಲಕ್ಕೆ ಕೊಡೋ ನೆಟ್ ಚೀಲ ಮನೆಯಲ್ಲಿ ಹತ್ತಾರು ಬಿದ್ದಿರುತ್ತೆ, ಅದು ಸಾಕು. ಬಿಳಿ ಬಳ್ಳಿಯಲ್ಲಿ ಇನ್ನೂ ಅರಳದ ಮೊಗ್ಗಿನ ಗೊಂಚಲು ಆರಿಸಿ. ಕೆಳಗೆ ಆಗಲೇ ಅರಳಿದ ಹೂ, ಕಚ್ಚಿದ ಹೀಚು ಇದ್ರೆ ಚಿವುಟಿ ಹಾಕಿ. ಚೀಲ ತೊಡಿಸಿ ದಾರ ಎಳೆದು ಕಟ್ಟಿ. ಒಳಗೇ ಕಾಯಿ ಕಚ್ಚುತ್ತೆ, ಸ್ವಲ್ಪ ಕಡಿಮೆ ಆಗಬಹುದು ಅಷ್ಟೇ. ಹೂವೆಲ್ಲ ಉದುರಿ ಕಾಯಿ ಬೆರಳುದ್ದ ಆದಮೇಲೆ ಚೀಲ ಬಿಚ್ಚಿ ತೊಟ್ಟಿಗೊಂದು ಕೆಂಪು ದಾರ ಕಟ್ಟಿ. ದಾರ ಮರೀಬೇಡಿ, ಇಲ್ಲಾಂದ್ರೆ ಯಾರಾದ್ರೂ ಪಲ್ಯಕ್ಕೆ ಕಿತ್ತುಬಿಡ್ತಾರೆ. ನಮ್ಮ ಮನೆಯಲ್ಲಿ ಎರಡು ಸಲ ಆಗಿದೆ. ಅಮ್ಮನಿಗೆ ಬೈಯೋಕಾಗುತ್ತಾ?

ಮುಂದಿನ ವರ್ಷ ಸಸಿಗೆ ನಾಲ್ಕೈದು ಎಲೆ ಬಂದಾಗ ಕಾಂಡದ ಗಂಟು ನೋಡಿ. ನೇರಳೆ ಹೂವಿನ ಬಳ್ಳಿಗೆ ಸಾಮಾನ್ಯವಾಗಿ ಗಂಟಿನ ಹತ್ತಿರ ಅದೇ ಬಣ್ಣದ ಛಾಯೆ ಇರುತ್ತೆ. ಕಂಡ ತಕ್ಷಣ ಕಿತ್ತುಬಿಡಿ, ಹೂವಿನವರೆಗೆ ಕಾಯಬೇಡಿ.

ನಾವು ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ ಅವರೆ, ತೊಗರಿ, ಹುಚ್ಚೆಳ್ಳು ಹಾಕ್ತೀವಿ. ಬೀಜಕ್ಕೆ ಬಿಡೋದು ಹೊಲದ ನಡುವಿನ ಸಾಲು ಮಾತ್ರ. ಬದುವಿನ ಪಕ್ಕದ್ದು ಬೀಜಕ್ಕಾಗಲ್ಲ ಅಂತಿದ್ರು ನಮ್ಮಪ್ಪ, ಯಾಕೆ ಅಂತ ಒಂದು ದಿನವೂ ಹೇಳಲಿಲ್ಲ. ಬದುವಿನ ಆಚೆ ಪಕ್ಕದವರ ಅವರೆ ಇತ್ತು, ಅದು ನನಗೆ ಹೊಳೆದದ್ದು ಎಷ್ಟೋ ವರ್ಷ ಆದಮೇಲೆ.

ಹೂಬಳ್ಳಿ, ಬೆಂಗಳೂರು:

ಸರ್, ಈಗಷ್ಟೇ ಮೇಲೆ ಹೋಗಿ ನೋಡಿ ಬಂದೆ. ನರ್ಸರಿಯದ್ದು ಕಾಯಿ ಪೂರ್ತಿ ನೇರಳೆ. ಈ ಬಳ್ಳಿಯದ್ದು ಹಸಿರು ಕಾಯಿ, ಎರಡೂ ಅಂಚಿಗೆ ಸೀರೆ ಬಾರ್ಡರ್ ತರ ನೇರಳೆ. ಕಾಂಡದ ಗಂಟುಗಳೂ ನೇರಳೆ, ಬಿಳಿ ಹೂವಿನ ಬಳ್ಳಿಗಳಲ್ಲಿ ಅಚ್ಚ ಹಸಿರು. ಕ್ರಾಸೇ ಹಾಗಿದ್ರೆ. ದುಂಬಿ ನಾನು ನಿಂತಿದ್ದಾಗಲೇ ಬಂತು, ಅದೂ ನೇರಳೆಯಿಂದ ಸೀದಾ ಬಿಳಿಗೆ! ತಾಂಬೂಲದ ಚೀಲ ಹನ್ನೊಂದು ಸಿಕ್ಕಿವೆ, ಒಂದರ ಮೇಲೆ ಇನ್ನೂ ವಧೂವರರ ಹೆಸರಿದೆ.

ಹಿತ್ತಲ ಒಲೆ, ಶಿರಸಿ:

ತಂಗೀ, ಹುಳದ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಕಡೆ ಮಳೆ, ತೇವ ಎರಡೂ ಜಾಸ್ತಿ, ಬೀಜ ಉಳಿಸಿಕೊಳ್ಳೋದೇ ಒಂದು ಯುದ್ಧ.

ಆ ಹುಳ ಡಬ್ಬಿಗೆ ಹೊರಗಿಂದ ಬಂದದ್ದಲ್ಲ. ಬಳ್ಳಿಯಲ್ಲಿ ಕಾಯಿ ಒಣಗುತ್ತಿರುವಾಗಲೇ ಮೊಟ್ಟೆ ಇಟ್ಟು ಹೋಗಿರುತ್ತದೆ. ಮುಂದಿನ ಸಲ ಕಾಳು ಬಿಡಿಸಿದಾಗ ಬೆಳಕಿಗೆ ಹಿಡಿದು ನೋಡು, ಸಿಪ್ಪೆಗೆ ಅಂಟಿಕೊಂಡು ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ ಇದ್ದರೆ ಅದೇ ಮೊಟ್ಟೆ. ಮರಿ ಸೀದಾ ಕಾಳಿನ ಒಳಗೆ ಕೊರೆದುಕೊಂಡು ಹೋಗುತ್ತದೆ, ಬೆಚ್ಚಗಿದ್ದರೆ ಸುಮಾರು ಒಂದು ತಿಂಗಳಲ್ಲಿ ದುಂಡಗೆ ಕತ್ತರಿಸಿದ ಹಾಗೆ ತೂತು ಮಾಡಿ ಹೊರಗೆ ಬರುತ್ತದೆ, ಬಂದದ್ದು ಅಲ್ಲೇ ಮತ್ತೆ ಮೊಟ್ಟೆ ಇಡುತ್ತದೆ. ನೀನು ಮುಚ್ಚಳ ಗಟ್ಟಿ ಮಾಡಿ ಅದಕ್ಕೆ ಮನೆ ಕಟ್ಟಿಕೊಟ್ಟೆ ಅಷ್ಟೇ.

ಕಾಯಿ ಬಳ್ಳಿಯಲ್ಲೇ ಒಣಗಿ ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ಮಳೆ ಹಿಡಿದರೆ ಗೊಂಚಲು ಸಮೇತ ಕತ್ತರಿಸಿ ಸೂರಿನ ಕೆಳಗೆ ತೂಗುಹಾಕು. ಬಿಡಿಸಿದ ಮೇಲೆ ಮುರುಟಿದ್ದು, ಮಚ್ಚೆ ಬಿದ್ದದ್ದು ತೆಗೆದುಹಾಕು. ಮೊರದಲ್ಲಿ ತೆಳ್ಳಗೆ ಹರಡಿ ಬೆಳಗಿನ ಬಿಸಿಲಿಗೆ ನಾಲ್ಕೈದು ದಿನ. ಮಧ್ಯಾಹ್ನ ತಾರಸಿಯ ಕಾದ ಸಿಮೆಂಟಿನ ಮೇಲೆ ಮಾತ್ರ ಸುರಿಯಬೇಡ, ಬೀಜ ಬೆಂದುಹೋಗುತ್ತದೆ. ಒಣಗಿತಾ ಅಂತ ನೋಡಲು ಒಂದು ಕಾಳು ಹಲ್ಲಿಗೆ ಹಾಕು. ಹಲ್ಲಿನ ಗುರುತು ಬಿದ್ದರೆ ಇನ್ನೂ ಹಸಿ. ಸುತ್ತಿಗೆಯಲ್ಲಿ ಕುಟ್ಟಿದರೆ ಚಪ್ಪಟೆಯಾಗದೆ ಚೂರುಚೂರಾಗಬೇಕು.

ಚೆನ್ನಾಗಿ ಒಣಗಿದ ಮೇಲೆ ಗಾಜಿನ ಬಾಟಲಿಗೆ ಹಾಕಿ ಫ್ರೀಜರಿನಲ್ಲಿ ಒಂದು ವಾರ ಇಡು. ಮೊಟ್ಟೆ, ಮರಿ, ದೊಡ್ಡ ಹುಳ ಎಲ್ಲ ಸಾಯುತ್ತದೆ. ಹಸಿ ಬೀಜ ಇಟ್ಟರೆ ಬೀಜವೇ ಸಾಯುತ್ತದೆ, ಅದಕ್ಕೇ ಒಣಗಿಸುವ ವಿಷಯ ಅಷ್ಟು ಹೇಳಿದ್ದು. ಹೊರಗೆ ತೆಗೆದ ತಕ್ಷಣ ಮುಚ್ಚಳ ತೆಗೆಯಬೇಡ, ಬಾಟಲಿ ಮಾಮೂಲಿ ಬಿಸಿಗೆ ಬರಲಿ, ಇಲ್ಲದಿದ್ದರೆ ಕಾಳಿನ ಮೇಲೆ ನೀರು ಕೂರುತ್ತದೆ.

ಫ್ರೀಜರ್ ಇಲ್ಲದವರು ನಿನ್ನ ಅಜ್ಜಿ ಮಾಡಿದ್ದೇ ಮಾಡಬಹುದು. ಸೋಸಿದ ನಯ ಬೂದಿ ಕಾಳಿನ ಸಂದಿಯೆಲ್ಲ ತುಂಬಿಕೊಂಡರೆ ಹುಳಕ್ಕೆ ಓಡಾಡಲು ಜಾಗ ಇಲ್ಲ, ಮೈ ತೀಡಿ ಒಣಗಿ ಸಾಯುತ್ತದೆ. ನಮ್ಮ ಅತ್ತೆ ಒಲೆ ಮೇಲಿನ ಅಟ್ಟದಲ್ಲಿ ಹೊಗೆ ತಾಗುವ ಹಾಗೆ ಒಣ ಸೋರೆ ಬುರುಡೆಯಲ್ಲಿ ಇಡುತ್ತಿದ್ದರು. ಈಗ ಒಲೆಯೂ ಇಲ್ಲ, ಬುರುಡೆಯನ್ನು ಮಕ್ಕಳು ಶೋಕೇಸಿನಲ್ಲಿ ಇಟ್ಟಿದ್ದಾರೆ!

ತೂತಾದ ಕಾಳು ಬಿಸಾಡುವ ಮೊದಲು ಹತ್ತು ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿಡು. ಮೊಳಕೆಯ ಜಾಗ ಕೊರೆಯದೆ ಉಳಿದಿದ್ದರೆ ಕೆಲವು ಮೊಳೆಯುತ್ತವೆ, ಸಸಿ ಬಡಕಲಾಗಿರುತ್ತದೆ ಅಷ್ಟೆ.

ಜವಾರಿ ಕಾಳು, ಧಾರವಾಡ:

ನೀವು ನಾಟಿ ಅಂತೀರಿ, ನಾವು ಜವಾರಿ ಅಂತೀವಿ, ಮಂಗಳೂರು ಕಡೆಯವರು ಊರಿನ ಬೀಜ ಅಂತಾರೆ. ಮೂರಕ್ಕೂ ಅರ್ಥ ಒಂದೇ, ಯಾರದೋ ಹಿತ್ತಲದಾಗ ವರ್ಷಾವರ್ಷ ಬೆಳೆದು ಬಂದದ್ದು.

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಆ ನೇರಳೆ ಅಂಚಿನ ಬಳ್ಳಿಯನ್ನು ಕೀಳಬೇಡಿ. ಅಜ್ಜಿಗೆ ಬೀಜ ಕೊಟ್ಟವರ ಹಿತ್ತಲಲ್ಲೂ ದುಂಬಿ ಇತ್ತು. ಜವಾರಿ ಬೀಜ ಅಂದ್ರೆ ಅಚ್ಚಿನಲ್ಲಿ ಒತ್ತಿದ್ದಲ್ಲ, ಅದರೊಳಗೇ ಸ್ವಲ್ಪ ಹೆಚ್ಚುಕಮ್ಮಿ ಇರುತ್ತೆ, ಒಂದು ವರ್ಷ ಮಳೆ ಕೈಕೊಟ್ಟರೂ ಕೆಲವಾದರೂ ಬದುಕೋದು ಅದರಿಂದಲೇ. ಬಳ್ಳಾರಿ ಹತ್ತಿರ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನರ ನೆಲೆಯನ್ನು ಅಗೆದಾಗ ಹುರುಳಿ, ಹೆಸರಿನ ಸುಟ್ಟ ಕಾಳುಗಳ ಜೊತೆ ಅವರೆಯೂ ಸಿಕ್ಕಿದೆ. ಅಷ್ಟು ಹಳೇ ಬೆಳೆ. ಅಲ್ಲಿಂದ ಇಲ್ಲಿವರೆಗೆ ಎಷ್ಟು ಸಲ ಬೆರೆತಿದೆಯೋ ಯಾರು ಲೆಕ್ಕ ಇಟ್ಟಾರು?

ಅದರ ಬೀಜ ಬೇರೆ ಡಬ್ಬಿಯಲ್ಲಿ ಇಡಿ, ಬೇರೆ ಹೆಸರು ಇಡಿ. ಮುಂದಿನ ವರ್ಷ ಹಾಕಿದರೆ ನಾಲ್ಕಕ್ಕೆ ಮೂರರಷ್ಟು ನೇರಳೆ, ಒಂದರಷ್ಟು ಬಿಳಿ ಬರಬಹುದು, ಕಾಯಿ ನಾನಾ ತರ. ರುಚಿ ನೋಡಿ ಆರಿಸಿಕೊಳ್ಳಿ.

ಹೊಲದ ಬದು, ಮಾಗಡಿ:

ಧಾರವಾಡದವರ ಮಾತು ಒಪ್ಪುತ್ತೇನೆ, ಹೊಲ ಇದ್ದವರಿಗೆ. ನಾವು ನೂರಾರು ಗಿಡದಲ್ಲಿ ಆರಿಸ್ತೀವಿ, ನಾಲ್ಕು ಬೆರಕೆ ಆದ್ರೂ ಮೂಲ ಉಳಿದಿರುತ್ತೆ. ಅವರದ್ದು ಎರಡು ಡ್ರಮ್. ಅದರಲ್ಲಿ ಒಂದು ಬೆರಕೆ ಅಂದ್ರೆ ಕಾಲು ಭಾಗ ಹೋದ ಹಾಗೆ. ಪ್ರಯೋಗ ಬೇಕಾದ್ರೆ ಮಾಡಲಿ, ಆದ್ರೆ ಅದೇ ಗೋಡೆಯಲ್ಲಿ ಬೇಡ.

ಅದಕ್ಕೇ ಮೇಡಂ, ಬೀಜ ಕೊಡೋದಾ ಬೇಡ್ವಾ ಅಂದ್ರಲ್ಲ, ಕೊಡಲೇಬೇಕು. ನಿಮ್ಮ ಹತ್ತಿರ ಮೂರು ಬಳ್ಳಿ. ಮೂರು ಮನೆಯಲ್ಲಿ ಮೂರು ಮೂರು ಅಂದ್ರೆ ಇನ್ನೂ ಒಂಬತ್ತು. ಒಂದು ವರ್ಷ ನಿಮ್ಮ ಡ್ರಮ್ಮಿಗೆ ಇಲಿ ನುಗ್ಗಿತು, ಸೀರು ಹತ್ತಿತು, ಊರಿಗೆ ಹೋದಾಗ ನೀರಿಲ್ಲದೆ ಒಣಗಿತು ಅಂತಿಟ್ಕೊಳ್ಳಿ, ಯಾರ ಮನೆಗಾದರೂ ಹೋಗಿ ಹತ್ತು ಕಾಳು ಈಸ್ಕೊಂಡು ಬರಬಹುದು. 2016ರಲ್ಲಿ ಮಳೆ ಇಲ್ಲದೆ ನಮ್ಮ ಅವರೆ ಪೂರ್ತಿ ಹೋಯ್ತು. ಅಕ್ಕನ ಮನೆಗೆ ಕೊಟ್ಟಿದ್ದ ಒಂದು ಸೇರು ವಾಪಸ್ ತಂದು ಬಿತ್ತಿದೆವು. ಕೊಟ್ಟಿರದಿದ್ರೆ ಅಂಗಡಿ ಬೀಜವೇ ಗತಿ ಆಗ್ತಿತ್ತು.

ಕೊಡುವಾಗ ಎರಡು ಮಾತು ಹೇಳಿಬಿಡಿ. ಬೇರೆ ಚಪ್ಪರದವರೆ ಪಕ್ಕ ಹಾಕಬೇಡಿ, ಹಾಕಿದ್ರೆ ಚೀಲ ಕಟ್ಟಿ. ಮತ್ತೆ ಬೆಳೆದ ಮೇಲೆ ಪಡೆದದ್ದರ ಎರಡರಷ್ಟು ಬೀಜ ವಾಪಸ್ ಕೊಡಿ. ನಮ್ಮ ಕಡೆ ಹಿಂದೆಲ್ಲ ಹಾಗೇ ಇತ್ತು.

ಎಲೆ ಮುದುಡಿ ಹಳದಿ ಮಚ್ಚೆ ಬಂದ ಬಳ್ಳಿಯಿಂದ ಬೀಜ ಕೊಡಬೇಡಿ, ಇಟ್ಕೊಳ್ಳಲೂಬೇಡಿ. ಹುರುಳಿಕಾಯಿ, ಅಲಸಂದೆಗಳಲ್ಲಿ ಕೆಲವು ನಂಜು ರೋಗ ಬೀಜದ ಜೊತೆಗೇ ಮುಂದಿನ ಮನೆಗೆ ಹೋಗುತ್ತೆ. ಅವರೆಯಲ್ಲೂ ಅದೇ ಎಚ್ಚರಿಕೆ ಇರಲಿ.

ಜರ್ಸಿ ಕೈತೋಟ, ನ್ಯೂಜೆರ್ಸಿ:

ಓದ್ತಾ ಓದ್ತಾ ಬಾಯಲ್ಲಿ ನೀರು ಬಂತು. ಹೋದ ವರ್ಷ ಇಲ್ಲಿನ ಇಂಡಿಯನ್ ಅಂಗಡಿಯಲ್ಲಿ ಸಿಕ್ಕ ಒಣ ಅವರೆಕಾಳನ್ನೇ ಮೇ ತಿಂಗಳಲ್ಲಿ ಬಿತ್ತಿದ್ದೆ. ಬೇಲಿ ತುಂಬಾ ಎಲೆ, ಎಲೆ, ಎಲೆ. ಸೆಪ್ಟೆಂಬರ್ ಮುಗಿಯುವಾಗ ಮೊಗ್ಗು ಕಂಡಿತು, ಅಕ್ಟೋಬರ್‌ನಲ್ಲಿ ಹಿಮ ಬಿದ್ದು ಒಂದೇ ರಾತ್ರಿಗೆ ಕಪ್ಪಾಯಿತು. ಗೊಬ್ಬರ ಜಾಸ್ತಿ ಆಯ್ತಾ? ಹೂಬಳ್ಳಿ ಅವರೇ, ಒಂದು ಕವರಿನಲ್ಲಿ ಹತ್ತು ಬೀಜ ಪೋಸ್ಟ್ ಮಾಡ್ತೀರಾ?

ಹೊಲದ ಬದು, ಮಾಗಡಿ:

ಗೊಬ್ಬರ ಅಲ್ಲ ಸರ್, ಹಗಲು ಜಾಸ್ತಿ ಆಗಿದ್ದು. ಹಳೇ ಅವರೆ ಹಗಲು ಗಿಡ್ಡ ಆಗೋದನ್ನ ಕಾಯ್ತಾ ಇರುತ್ತೆ, ಆಮೇಲೇ ಹೂ. ಇಲ್ಲಿ ಜೂನ್‌ನಲ್ಲೂ ಹಗಲು 13 ಗಂಟೆ ದಾಟಲ್ಲ, ನಿಮ್ಮಲ್ಲಿ 15 ಗಂಟೆ. ಇಲ್ಲಿಯೇ ಫೆಬ್ರವರಿಯಲ್ಲಿ ಬಿತ್ತಿದ್ರೂ ಮಳೆಗಾಲ ಕಳೆಯೋವರೆಗೆ ಬರೀ ಎಲೆಯೇ. ಅಜ್ಜಿಯ ಬೀಜ ನಿಮಗೆ ಬೇಡ, ಮತ್ತೆ ಅದೇ ಕಥೆ ಆಗುತ್ತೆ. ಹಗಲಿನ ಲೆಕ್ಕ ಇಲ್ಲದೆ ಹೂ ಬಿಡುವ ಗಿಡ್ಡ ತಳಿಗಳಿವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3 ಮತ್ತು 4, ಹೆಸರಘಟ್ಟದ ಅರ್ಕಾ ಜಯ್, ಅರ್ಕಾ ವಿಜಯ್. ಸೊಗಡು ನಮ್ಮ ಮಾಗಡಿ ಅವರೆಯಷ್ಟು ಇರಲ್ಲ, ಆದ್ರೆ ಹಿಮ ಬೀಳೋಕೆ ಮುಂಚೆ ಹಿದುಕವರೆ ಸಾರಾದ್ರೂ ಆಗುತ್ತೆ.

ಹಿತ್ತಲ ಒಲೆ, ಶಿರಸಿ:

ಪೋಸ್ಟ್ ಮಾಡೋದು ಬೇಡ. ನನ್ನ ಮಗಳು ಅಲ್ಲೇ ಇದ್ದಾಳೆ, ಗೊತ್ತಿದ್ದು ಹೇಳುತ್ತೇನೆ. ಬಿತ್ತನೆ ಬೀಜ ಅಮೆರಿಕಕ್ಕೆ ಹೋಗಬೇಕಾದರೆ ಇಲ್ಲಿಂದ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಹಾಗೇ ತೆಗೆದುಕೊಂಡು ಹೋದರೆ ಏರ್‌ಪೋರ್ಟಿನಲ್ಲೇ ಕಿತ್ತುಕೊಳ್ಳುತ್ತಾರೆ. ನನ್ನ ಅಲಸಂದೆ ಬೀಜ ಹಾಗೇ ಹೋಯಿತು, ಉಪ್ಪಿನಕಾಯಿ ಮಾತ್ರ ಪಾರಾಯಿತು.

ತಾರಸಿ ಹೊಸಬ, ಮೈಸೂರು:

ಮಧ್ಯೆ ಒಂದು ಪ್ರಶ್ನೆ. ನಾಟಿ ಬೀಜ ನಾವೇ ಹಂಚಿಕೊಳ್ಳೋದು, ಪೊಟ್ಟಣಕ್ಕೆ ಇಪ್ಪತ್ತು ರೂಪಾಯಿ ಇಟ್ಟು ಕೊಡೋದು ಕಾನೂನಿಗೆ ವಿರುದ್ಧ ಅಂತ ವಾಟ್ಸಾಪಿನಲ್ಲಿ ಬಂದಿತ್ತು. ನಿಜವಾ?

ಜವಾರಿ ಕಾಳು, ಧಾರವಾಡ:

ವಾಟ್ಸಾಪು ಬಿಡ್ರಿ. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಅಂತ 2001ರದ್ದು ಇದೆ. ಅದರ 39ನೇ ಸೆಕ್ಷನ್ ಪ್ರಕಾರ ರೈತರು ತಾವು ಬೆಳೆದ ಬೀಜ ಉಳಿಸಬಹುದು, ಬಿತ್ತಬಹುದು, ಅದಲುಬದಲು ಮಾಡಬಹುದು, ಹಂಚಬಹುದು, ಮಾರಲೂಬಹುದು. ನೋಂದಣಿಯಾದ ತಳಿ ಆಗಿದ್ದರೂ ಈ ಹಕ್ಕು ಇದೆ. ಬ್ರ್ಯಾಂಡ್ ಹೆಸರು ಹಾಕಿ ಪ್ಯಾಕ್ ಮಾಡಿ ಮಾರೋದು ಮಾತ್ರ ಆಗೋದಿಲ್ಲ. ಅಜ್ಜಿಯ ಅವರೆಯನ್ನು ಪಕ್ಕದ ಮನೆಗೆ ಕೊಡೋದಕ್ಕೆ ಯಾರದ್ದೂ ಅಡ್ಡಿ ಇಲ್ಲ.

ಹಿತ್ತಲ ಒಲೆ, ಶಿರಸಿ:

ಮಾರೋದಕ್ಕಿಂತ ಅದಲುಬದಲಿನಲ್ಲಿ ಹೆಚ್ಚು ಮಜಾ ಇದೆ ಮಾರಾಯ. ನಮ್ಮಲ್ಲಿ ವನಸ್ತ್ರೀ ಅಂತ ಹೆಂಗಸರ ಬಳಗವೊಂದಿದೆ, ಮಳೆಗಾಲದ ಹೊತ್ತಿಗೆ ಮಲೆನಾಡ ಮೇಳ ಮಾಡುತ್ತಾರೆ, ಹಿತ್ತಲ ಬೀಜ ಎಲ್ಲ ಅಲ್ಲಿಗೆ ಬರುತ್ತದೆ. ಒಂದು ಸಲ ನಾಲ್ಕು ರೆಕ್ಕೆಯ ಚೌಕದ ಅವರೆ ಬೀಜ ಕೊಟ್ಟು ಕತ್ತಿ ಅವರೆ ತಂದಿದ್ದೆ. ಕೊಟ್ಟಾಕೆ ಬೀಜದ ಜೊತೆ ಅರ್ಧ ಗಂಟೆ ಅಡುಗೆ ಪಾಠ ಮಾಡಿದ್ದಳು. ಅದಿಲ್ಲದಿದ್ದರೆ ಆ ಮೊಳದುದ್ದದ ಕಾಯಿಯನ್ನು ಎಳೆಯದರಲ್ಲೇ ಕೊಯ್ಯಬೇಕು ಅಂತ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಹೂಬಳ್ಳಿ, ಬೆಂಗಳೂರು:

ಎಲ್ಲರಿಗೂ ಥ್ಯಾಂಕ್ಸ್. ಮೂರು ವಾರ ಆಯ್ತು, ಏನಾಯ್ತು ಅಂತ ಹೇಳಿಬಿಡ್ತೀನಿ.

ಹನ್ನೊಂದು ಚೀಲದಲ್ಲಿ ಎರಡು ಗಾಳಿಗೆ ಹಾರಿಹೋದವು, ಒಂದರಲ್ಲಿ ಸೀರು ಸೇರಿಕೊಂಡು ಮೊಗ್ಗೆಲ್ಲ ಉದುರಿತು. ಉಳಿದ ಎಂಟರಲ್ಲಿ ಒಟ್ಟು 31 ಕಾಯಿ ಕಚ್ಚಿವೆ, ಕೆಂಪು ದಾರ ಕಟ್ಟಿದೆ. ಕಾಯಿಗೆ ನಾಲ್ಕು ಕಾಳು ಅಂದ್ರೂ ನೂರು ದಾಟುತ್ತೆ. ತೂತಿನ ಕಾಳು ಹತ್ತರಲ್ಲಿ ಮೂರು ಮೊಳೆತವು.

ನರ್ಸರಿ ಬಳ್ಳಿಯನ್ನು ತೆಗೆದುಬಿಟ್ಟೆ. ನೇರಳೆ ಅಂಚಿನದ್ದನ್ನು ಕೀಳೋಕೆ ಮನಸ್ಸು ಬರಲಿಲ್ಲ. ಚೀಲ ಕಟ್ಟಿರುವಾಗ ಅದು ಇದ್ರೇನು ಅಂತ ಬಿಟ್ಟಿದ್ದೀನಿ. ಅದರ ಬೀಜ ಅಮ್ಮನ ಮನೆಗೆ, ಅಲ್ಲಿ ಬೇರೆ ಅವರೆ ಇಲ್ಲ.

ಆಫೀಸಿನ ಮೂವರಿಗೂ ಹೇಳಿದ್ದೀನಿ, ಜೂನ್‌ಗೆ ತಲಾ ಹನ್ನೆರಡು ಕಾಳು. ಪೊಟ್ಟಣದ ಮೇಲೆ ಏನು ಬರೆಯೋದು ಅಂತ ಯೋಚಿಸ್ತಾ ಅಮ್ಮನಿಗೆ ಫೋನ್ ಮಾಡಿ ಅಜ್ಜಿ ಈ ಅವರೆಗೆ ಏನಂತ ಕರೀತಿದ್ರು ಅಂತ ಕೇಳಿದೆ. "ಏನಂತ ಕರೀತಾರೆ, ಬಚ್ಚಲವರೆ ಅಂತಿದ್ರು, ಬಚ್ಚಲ ಹತ್ರ ಇತ್ತಲ್ಲ" ಅಂದ್ರು. ಅದನ್ನೇ ಬರೆದೆ.

ಹೊಲದ ಬದು, ಮಾಗಡಿ:

ಬಚ್ಚಲವರೆ ಒಂದು ಪೊಟ್ಟಣ ನನಗೂ ಇರಲಿ ಮೇಡಂ. ಜನವರಿಯಲ್ಲಿ ಸೊಗಡಿನ ಅವರೆಕಾಯಿ ತಗೊಂಡು ಬೆಂಗಳೂರಿಗೆ ಬರ್ತೀನಿ, ಎರಡು ಕೆಜಿ ನಿಮಗೆ ಎತ್ತಿಟ್ಟಿರ್ತೀನಿ.